ಕೌಂಟರಿನ ಆಚೆಗೆ ಕೇಳಿಸಿದ್ದೇನು?

2025ರ ಮೇ ತಿಂಗಳಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಎಸ್‌ಬಿಐ ಶಾಖೆಯ ಅಧಿಕಾರಿಯೊಬ್ಬರು ಕನ್ನಡ ಮಾತನಾಡುವುದಿಲ್ಲವೆಂದು ಹಟ ಹಿಡಿದ ವಿಡಿಯೊವನ್ನು ನೀವೂ ನೋಡಿರಬಹುದು. ಅವರಿಗೆ ವರ್ಗಾವಣೆಯಾಯಿತು. ಬ್ಯಾಂಕ್ ಸಿಬ್ಬಂದಿಗೆಲ್ಲ ಭಾಷೆ, ಸಂಸ್ಕೃತಿಯ ತರಬೇತಿ ಕಡ್ಡಾಯವಾಗಲಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರ ಹಣಕಾಸು ಸಚಿವಾಲಯವನ್ನು ಒತ್ತಾಯಿಸಿದರು. ನಮ್ಮ ಬಾಗೂರಿನಲ್ಲೂ ಕೆಲವು ದಿನ ಇದೇ ಮಾತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನೆಂದು ನನ್ನನ್ನೇ ಕೇಳುತ್ತಿದ್ದರು: "ಟ್ರೈನಿಂಗ್ ಕೊಟ್ಟುಬಿಟ್ರೆ ಮಾತಾಡೋದು ಬಂದ್ಬಿಡುತ್ತಾ ಸ್ವಾಮಿ?"

ಬರುತ್ತದೆ, ತಕ್ಕ ತರಬೇತಿಯಾದರೆ. ಆದರೆ ಕನ್ನಡ ಬಂದ ಮಾತ್ರಕ್ಕೆ ಮುಗಿಯುವುದಿಲ್ಲ. ಕೌಂಟರಿನಲ್ಲಿ ಕೂತ ಅಪ್ಪಟ ಕನ್ನಡದ ಹುಡುಗನೊಬ್ಬ "ಅಜ್ಜಿ, ನಿಮ್ಮ ಅಕೌಂಟ್ ಇನ್‌ಆಪರೇಟಿವ್ ಆಗಿದೆ, ಕೆವೈಸಿ ಕೊಡಿ" ಎಂದದ್ದನ್ನು ನಾನೇ ಕೇಳಿದ್ದೇನೆ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅಜ್ಜಿಗೆ ಮಾತ್ರ ಕೊಬ್ಬರಿ ಮಾರಿ ಕೂಡಿಟ್ಟ ದುಡ್ಡು ಮುಳುಗಿತೆಂದೇ ಕೇಳಿಸಿತು. "ಹಂಗಾರೆ ನನ್ ದುಡ್ಡು ಹೋಯ್ತೇನಪ್ಪ?" ಎನ್ನುತ್ತ ಬೆಂಚಿನ ಮೇಲೆ ಕುಸಿದರು.

ಎರಡು ವರ್ಷಕ್ಕೂ ಮೇಲೆ ಖಾತೆದಾರರು ಹಣ ಹಾಕದೆ, ತೆಗೆಯದೆ ಇದ್ದರೆ ಖಾತೆಗೆ ಆ ಹೆಸರು ಬೀಳುತ್ತದೆ. ಹಣ ಎಲ್ಲಿಗೂ ಹೋಗುವುದಿಲ್ಲ, ಉಳಿತಾಯ ಖಾತೆಯ ಬಡ್ಡಿಯೂ ನಿಲ್ಲುವುದಿಲ್ಲ. ಹತ್ತು ವರ್ಷ ಕಳೆದರೆ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರುತ್ತದೆ; ಆಗಲೂ ತಮ್ಮ ಬ್ಯಾಂಕಿನಲ್ಲೇ ಅರ್ಜಿ ಕೊಟ್ಟು ವಾಪಸು ಪಡೆಯಬಹುದು. "ಅಜ್ಜಿ, ದುಡ್ಡು ಭದ್ರವಾಗಿದೆ. ಬಹಳ ದಿನದಿಂದ ನೀವು ಬಂದಿಲ್ಲವಲ್ಲ, ಆಧಾರ್ ಕಾರ್ಡು, ಒಂದು ಫೋಟೊ ತಂದುಕೊಡಿ" ಎಂದಿದ್ದರೆ ಎಷ್ಟು ಹೊತ್ತು ಬೇಕಿತ್ತು?

ನನ್ನ ಸರ್ವಿಸಿನಲ್ಲಿ ನಾಲ್ಕಾರು ತರಬೇತಿ ಶಿಬಿರಗಳಿಗೆ ಹೋಗಿ ಬಂದೆ. ಹೆಚ್ಚಿನವು ಲೆಡ್ಜರು, ಕಂಪ್ಯೂಟರಿನವು. ಸಂವಹನ ಕೌಶಲದ ಶಿಬಿರಗಳಲ್ಲಿ ಹೇಗೆ ನಗಬೇಕು, ಹೇಗೆ ಕೈಕುಲುಕಬೇಕು ಎಂಬುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. (ಊಟ ಚೆನ್ನಾಗಿರುತ್ತಿತ್ತು ಎನ್ನಿ.) ನನ್ನ ತಲೆಯಲ್ಲಿ ಉಳಿದದ್ದು ಒಂದೇ ಆಟ.

ಇಬ್ಬರು ಬೆನ್ನಿಗೆ ಬೆನ್ನು ಹಾಕಿ ಕೂರಬೇಕು. ಒಬ್ಬರ ಕೈಯಲ್ಲಿ ಚೌಕ, ತ್ರಿಕೋನಗಳ ಚಿತ್ರ. ಇನ್ನೊಬ್ಬರ ಕೈಯಲ್ಲಿ ಖಾಲಿ ಹಾಳೆ, ಪೆನ್ಸಿಲ್ಲು. ಮೊದಲನೆಯವರು ವಿವರಿಸಿದಂತೆ ಎರಡನೆಯವರು ಬರೆಯಬೇಕು, ಪ್ರಶ್ನೆ ಕೇಳುವಂತಿಲ್ಲ. ಚೌಕದ ಮೇಲಿರಬೇಕಾದ ತ್ರಿಕೋನ ಒಬ್ಬರ ಹಾಳೆಯಲ್ಲಿ ಒಳಗೆ ಕೂತಿತ್ತು, ಇನ್ನೊಬ್ಬರದರಲ್ಲಿ ತಲೆಕೆಳಗಾಗಿತ್ತು. ಎರಡನೆಯ ಸಲ ಪ್ರಶ್ನೆಗೆ ಅವಕಾಶ ಕೊಟ್ಟರು. ಸಮಯ ಹೆಚ್ಚು ಹಿಡಿಯಿತು, ಆದರೆ ಚಿತ್ರಗಳು ಬಹುಪಾಲು ಸರಿಯಾಗಿ ಬಂದವು.

ಅಮೆರಿಕದ ಹೆರಾಲ್ಡ್ ಲೆವಿಟ್, ರೊನಾಲ್ಡ್ ಮುಲ್ಲರ್ ಎಂಬಿಬ್ಬರು ಇಂಥದೇ ಪ್ರಯೋಗವನ್ನು ವಿದ್ಯಾರ್ಥಿಗಳ ಮೇಲೆ ಮಾಡಿ 1951ರಲ್ಲಿ ಪ್ರಕಟಿಸಿದ್ದರು. ಅವರು ಕಂಡದ್ದೂ ಅದನ್ನೇ: ಪ್ರಶ್ನೆ ಕೇಳಬಹುದಾದಾಗ ಹೊತ್ತು ಹೆಚ್ಚು, ತಪ್ಪು ಕಡಿಮೆ.

ಪಿಂಚಣಿಯ ದಿನ ಬಾಗಿಲಾಚೆಗೂ ಸಾಲು ನಿಂತಿರುವಾಗ ಅಷ್ಟು ಹೊತ್ತು ಎಲ್ಲಿಂದ ತರುವುದು ಎಂದು ಕೌಂಟರಿನವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅರ್ಥವಾಗದೆ ಮನೆಗೆ ಹೋದವರು ನಾಳೆ ಮತ್ತೆ ಅದೇ ಸಾಲಿನಲ್ಲಿ ನಿಲ್ಲುತ್ತಾರೆ, ಜೊತೆಗೆ ಮೊಮ್ಮಗನನ್ನೂ ಶಾಲೆ ಬಿಡಿಸಿ ಕರೆತರುತ್ತಾರೆ. ಹೊಸ ತರಬೇತಿ ನಡೆಯುವುದಾದರೆ ಕನ್ನಡದ ಅಕ್ಷರದ ಜೊತೆಗೆ ಈ ಆಟವನ್ನೂ ಆಡಿಸಲಿ. ಒಂದು ಕಡೆ ಗುಮಾಸ್ತ, ಇನ್ನೊಂದು ಕಡೆ ನಿಜವಾದ ಗ್ರಾಹಕರು ಕೂರಲಿ.

ಮಕ್ಕಳೇ, ಆಟಕ್ಕೆ ಖರ್ಚಿಲ್ಲ, ಮನೆಯಲ್ಲೇ ಆಡಿ ನೋಡಿ. ಅಜ್ಜಿಯ ಜೊತೆ ಬ್ಯಾಂಕಿಗೆ ಹೋದಾಗ ಕನ್ನಡವೂ ಇರುವ ಚಲನ್ನನ್ನೇ ಕೇಳಿ. ಚಲನ್ನು, ಪಾಸ್‌ಬುಕ್ಕು ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಕೌಂಟರಿನವರು ಮಾತು ಮುಗಿಸಿದ ಮೇಲೆ, ಅಲ್ಲಿಂದ ಕದಲುವ ಮೊದಲೇ, "ಅಜ್ಜಿ, ಅವರು ಏನಂದ್ರು ಹೇಳು?" ಎಂದು ಕೇಳಿ. ಅಜ್ಜಿಯ ಉತ್ತರ ಕೌಂಟರಿನವರಿಗೂ ಕೇಳಿಸಲಿ.