ಫಲಕ ಮೂರು, ಎಣ್ಣೆ ಒಂದೇ

ತುಮಕೂರಿನ ಬಿ.ಎಚ್. ರಸ್ತೆಯ ಆಟೋ ನಿಲ್ದಾಣದಲ್ಲಿ ಕೇಳಿದರೆ ಒಂದು ಕಂಪನಿಯ ಪೆಟ್ರೋಲೇ ಶ್ರೇಷ್ಠ, ಉಳಿದದ್ದೆಲ್ಲ ನೀರು ಎನ್ನುತ್ತಾರೆ. ಅದೇ ರಸ್ತೆಯಲ್ಲಿ ಗುಬ್ಬಿಗೆ ಹೋಗಿ ಆ ಕಂಪನಿಯ ಹೆಸರೆತ್ತಿದರೆ ನಗುತ್ತಾರೆ. ಅಲ್ಲಿ ಪಟ್ಟ ಇನ್ನೊಂದಕ್ಕೆ. ಕುಣಿಗಲ್ಲಿನಲ್ಲಿ ಮೂರನೆಯದರ ಭಕ್ತರು ಬಹುಮಂದಿ. ಕುದುರೆಗೆ ಯಾವ ಹುರುಳಿ ಹಾಕಬೇಕೆಂದು ತಲೆಮಾರುಗಳಿಂದ ಬಲ್ಲ ಊರು ಅದು. ಆದರೆ ಹುರುಳಿಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು, ಪೆಟ್ರೋಲನ್ನು ನೋಡಲಾಗದು. ಕೊಳವೆಯ ಬಾಯಿಂದ ನೇರವಾಗಿ ಟ್ಯಾಂಕಿಗೆ ಇಳಿಯುವ ವಸ್ತುವನ್ನು ಕುರಿತು ಮನುಷ್ಯ ಫಲಕದ ಬಣ್ಣ ನೋಡಿಯೇ ತೀರ್ಮಾನಕ್ಕೆ ಬರಬೇಕಾಗಿದೆ. ಜಾತಿ ನೋಡಿ ಓಟು ಹಾಕುವ ಅಭ್ಯಾಸಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಕಂಪನಿಯಿಂದ ಕಂಪನಿಗೆ ಪೆಟ್ರೋಲಿನ ಗುಣ ಬೇರೆಯಾಗುತ್ತದೆಯೇ ಎಂದು ನಮ್ಮನ್ನು ಕೇಳುವವರಿಗೆ ನಮ್ಮ ಉತ್ತರ ನೇರವಾಗಿದೆ: ಸಾಮಾನ್ಯ ಪೆಟ್ರೋಲಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಬಂಕಿನಿಂದ ಬಂಕಿಗೆ. ಈ ಎರಡು ಮಾತಿನ ನಡುವಿನ ಅಂತರವನ್ನು ಜನ ತಿಳಿಯದಿರುವುದರಿಂದ ಕೆಲವರಿಗೆ ಲಾಭವಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇವೆ.

ಈ ಎಣ್ಣೆ ಎಲ್ಲಿಂದ ಬರುತ್ತದೆಂದು ನೋಡೋಣ. ಮಂಗಳೂರಿನಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಯಿದೆ. ಅಲ್ಲಿಂದ ಹಾಸನದ ಮೂಲಕ ಬೆಂಗಳೂರಿನ ಆಚೆ, ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯವರೆಗೆ, 360 ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆಮಾರ್ಗ 2003ರಿಂದ ಕೆಲಸ ಮಾಡುತ್ತಿದೆ. ಚೆನ್ನೈ ಕಡೆಯಿಂದಲೂ ದೇವನಗೊಂದಿಗೆ ಕೊಳವೆಯೊಂದು ಬರುತ್ತದೆ. ಘಟ್ಟ ಹತ್ತಿ ಬರುವ ಆ ಕೊಳವೆಯೊಳಗೆ ಒಂದು ಕಂಪನಿಯ ಪೆಟ್ರೋಲು ಇನ್ನೊಂದು ಕಂಪನಿಯದಕ್ಕೆ ಮಡಿ ಮಾಡಿಕೊಂಡು ಹರಿಯುವುದಿಲ್ಲ. ಮೂರು ಸರ್ಕಾರಿ ಕಂಪನಿಗಳೂ ಪರಸ್ಪರರ ಶುದ್ಧೀಕರಣ ಕಾರ್ಖಾನೆಗಳಿಂದ, ಪರಸ್ಪರರ ಉಗ್ರಾಣಗಳಿಂದ ಮಾಲು ಎತ್ತುವುದು ಬಹುಕಾಲದಿಂದ ನಡೆದುಬಂದ ಏರ್ಪಾಡು. ಯಾವ ಊರಿಗೆ ಯಾವುದು ಹತ್ತಿರವೋ ಅಲ್ಲಿಂದ ತುಂಬಿಸಿಕೊಳ್ಳುವುದು ಸಾಗಣೆ ಖರ್ಚಿನ ದೃಷ್ಟಿಯಿಂದ ಬುದ್ಧಿವಂತಿಕೆಯೂ ಹೌದು. ಹಾಸನದ ಉಗ್ರಾಣಕ್ಕೂ ದೇವನಗೊಂದಿಯ ಉಗ್ರಾಣಕ್ಕೂ ನಡುವೆ ಹೆದ್ದಾರಿಯ ಮೇಲೆ ಕುಳಿತಿರುವ ಕುಣಿಗಲ್ಲಿನವರು, ಎದುರುಬದುರಿನ ಎರಡು ಬಂಕುಗಳಲ್ಲಿ ಯಾವುದು ಮೇಲು ಎಂದು ಜಗಳವಾಡುವ ಮೊದಲು ಇದನ್ನು ನೆನೆಯಬೇಕು.

ಗುಣದ ನಿಯಮವೂ ಎಲ್ಲರಿಗೂ ಒಂದೇ. ಭಾರತೀಯ ಮಾನಕ ಸಂಸ್ಥೆ ನಿಗದಿಪಡಿಸಿದ ಮಟ್ಟಕ್ಕಿಂತ ಕೆಳಗಿನ ಪೆಟ್ರೋಲನ್ನು ಮಾರಲು ಯಾರಿಗೂ ಅಧಿಕಾರವಿಲ್ಲ. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಭಾರತ್ ಆರನೆಯ ಹಂತದ ಇಂಧನ ಬಂದಿದೆ. ಅದರಲ್ಲಿ ಗಂಧಕದ ಅಂಶ ದಶಲಕ್ಷಕ್ಕೆ 10 ಭಾಗ ಮೀರುವಂತಿಲ್ಲ. ಅದಕ್ಕೆ ಹಿಂದಿನ ಹಂತದಲ್ಲಿ 50ರವರೆಗೆ ಅವಕಾಶವಿತ್ತು. ಕಂಪನಿಗಳು ತಮ್ಮದೆಂದು ಬೇರೆಯಾಗಿ ಸೇರಿಸುವುದೇನಾದರೂ ಇದ್ದರೆ ಅದು ಇಂಜಿನ್ನಿನ ಒಳಭಾಗವನ್ನು ಚೊಕ್ಕಟವಾಗಿಡುವ ಮದ್ದು, ಅದೂ ಬಹಳ ಅಲ್ಪ ಪ್ರಮಾಣದಲ್ಲಿ. ಅದು ಪ್ರಯೋಜನವಿಲ್ಲದ್ದೆಂದು ನಾವು ಹೇಳುವುದಿಲ್ಲ. ಆದರೆ ಗುಬ್ಬಿಯಿಂದ ತುಮಕೂರಿಗೆ ದಿನಾ ಓಡಾಡುವವನ ಮೋಟಾರ್ ಸೈಕಲ್ಲು ಒಂದು ವಾರದಲ್ಲಿ ಅದರ ಗುಣವನ್ನು ಕಂಡುಹಿಡಿಯುತ್ತದೆಂಬುದು ಭ್ರಮೆ.

ಇನ್ನು ಹೆಚ್ಚು ಬೆಲೆಯ ವಿಶೇಷ ಪೆಟ್ರೋಲಿನ ಮಾತು. 95 ಆಕ್ಟೇನ್, 99 ಆಕ್ಟೇನ್, 100 ಆಕ್ಟೇನ್ ಎಂಬ ಫಲಕಗಳನ್ನು ಕಂಡು, ಸಂಖ್ಯೆ ಏರಿದಂತೆ ಶಕ್ತಿಯೂ ಏರುತ್ತದೆಂದು ಜನ ನಂಬಿದ್ದಾರೆ. ಆಕ್ಟೇನ್ ಎಂಬುದು ಶಕ್ತಿಯ ಅಳತೆಯಲ್ಲ. ಸಿಲಿಂಡರಿನಲ್ಲಿ ಒತ್ತಡಕ್ಕೆ ಸಿಕ್ಕಿದಾಗ ಕಿಡಿ ಹಾರುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆ ಅದು. ಹೆಚ್ಚು ಒತ್ತಡದ ಇಂಜಿನ್ನುಳ್ಳ ದುಬಾರಿ ವಾಹನಗಳಿಗೆ ಅದು ಬೇಕು. 91ಕ್ಕೆಂದು ಕಟ್ಟಿದ ಇಂಜಿನ್ನಿಗೆ 100 ಹಾಕಿದರೆ, ಅಂಬಲಿ ಕುಡಿಯುವವನ ಮುಂದೆ ಬೆಳ್ಳಿಯ ಬಟ್ಟಲಿಟ್ಟಂತೆ. ಹೊಟ್ಟೆಗೆ ಇಳಿಯುವುದು ಅಂಬಲಿಯೇ. ಇದರಲ್ಲೊಂದು ವಿನೋದವೂ ಇದೆ. ಎಥೆನಾಲ್ ಬೆರೆತ ಇಂದಿನ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 95ಕ್ಕೆ ಏರಿದೆಯೆಂದು ಕೇಂದ್ರದ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಆ ಮಾತು ನಿಜವಾದರೆ, ಪಕ್ಕದ ಕೊಳವೆಯಲ್ಲಿ 95 ಎಂದು ಬರೆದು ಹೆಚ್ಚು ಹಣ ಕೀಳುತ್ತಿರುವುದು ಯಾತಕ್ಕೆ? ಸಚಿವಾಲಯದವರು ಸರಿಯೋ ಕಂಪನಿಯವರು ಸರಿಯೋ? ಎರಡೂ ಒಂದೇ ಸರ್ಕಾರದ ಕೈಕೆಳಗಿನವು.

ಎಸ್ಸೋ ಕಂಪನಿ ಟ್ಯಾಂಕಿನೊಳಗೆ ಹುಲಿಯನ್ನೇ ತುಂಬಿಸಿಕೊಡುವುದಾಗಿ ಲೋಕವೆಲ್ಲ ಡಂಗುರ ಹೊಡೆಸಿದ ಕಾಲವೊಂದಿತ್ತು. ಆ ಹುಲಿಯನ್ನು ನಂಬಿದವರಿಗೆ ಸಿಕ್ಕಿದ್ದೂ ಪೆಟ್ರೋಲೇ. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್ ದೇಶದ ಸೊತ್ತಾದವು. ಅವೇ ಇಂದಿನ ಹಿಂದೂಸ್ತಾನ್ ಮತ್ತು ಭಾರತ್ ಪೆಟ್ರೋಲಿಯಂ. ವಿದೇಶಿ ಕಂಪನಿಗಳ ಹಿಡಿತ ತಪ್ಪಬೇಕೆಂದು ಹೋರಾಡಿದವರು ಕಂಡ ಕನಸು ಜನರ ಎಣ್ಣೆ ಜನರಿಗೆ ನ್ಯಾಯವಾದ ಅಳತೆಯಲ್ಲಿ ಸಿಗಲೆಂಬುದು. ಒಂದೇ ಒಡೆಯನ ಮೂರು ಅಂಗಡಿಗಳು ಒಂದೇ ಮಾಲನ್ನು ಮೂರು ಬಣ್ಣದ ಕಾಗದದಲ್ಲಿ ಸುತ್ತಿ, ಒಂದರ ಮೇಲೊಂದು ಜಾಹೀರಾತು ಸುರಿಯಲಿ ಎಂಬುದಲ್ಲ. ಇದಕ್ಕೆ ಖಾಸಗಿಯವರೇ ಮದ್ದು ಎನ್ನುವವರೂ ಇದ್ದಾರೆ. ಭಾರತ್ ಪೆಟ್ರೋಲಿಯಂ ಮಾರಲು 2019ರಲ್ಲಿ ಹೊರಟ ಕೇಂದ್ರ ಸರ್ಕಾರ 2022ರಲ್ಲಿ ಆ ಯತ್ನವನ್ನು ಕೈಬಿಟ್ಟಿತು. ಮಾರಿದ್ದರೆ ನೆಲದಡಿಯ ತೊಟ್ಟಿಗೆ ಮಳೆನೀರು ಇಳಿಯುವುದು ನಿಲ್ಲುತ್ತಿತ್ತೇ?

ಹಾಗಾದರೆ ನಮ್ಮ ಗಾಡಿ ಒಂದು ಬಂಕಿನ ಪೆಟ್ರೋಲಿಗೆ ಚೆನ್ನಾಗಿ ಓಡಿ ಇನ್ನೊಂದರಲ್ಲಿ ಕೆಮ್ಮುವುದೇಕೆ ಎಂದು ಓದುಗರು ಕೇಳಬಹುದು. ಕೆಮ್ಮುವುದು ನಿಜ, ಅನುಭವವನ್ನು ನಾವು ಅಲ್ಲಗಳೆಯುವುದಿಲ್ಲ, ಕಾರಣವನ್ನು ಮಾತ್ರ ತಪ್ಪು ಜಾಗದಲ್ಲಿ ಹುಡುಕುತ್ತಿದ್ದೀರಿ ಎನ್ನುತ್ತೇವೆ. ಉಗ್ರಾಣದ ಬಾಗಿಲು ದಾಟಿದ ಮೇಲೆ ಎಣ್ಣೆ ಲಾರಿಯ ಕೈಗೆ ಬರುತ್ತದೆ, ಆಮೇಲೆ ಬಂಕಿನ ನೆಲದಡಿಯ ತೊಟ್ಟಿಗೆ. ಕಲಬೆರಕೆಯಾದರೆ ಈ ಹಾದಿಯಲ್ಲಿ. ನೀರು ಸೇರಿದರೆ ಆ ತೊಟ್ಟಿಯಲ್ಲಿ. 2025ರ ಜೂನ್ ಕೊನೆಯಲ್ಲಿ ಮಧ್ಯಪ್ರದೇಶದ ರತ್ಲಾಮಿನ ಬಳಿ ಅಲ್ಲಿನ ಮುಖ್ಯಮಂತ್ರಿಗಳ ಪ್ರವಾಸಕ್ಕೆಂದು ಡೀಸೆಲ್ ತುಂಬಿಸಿಕೊಂಡ 19 ವಾಹನಗಳು ಸಾಲಾಗಿ ನಿಂತುಹೋದವು. ಡೀಸೆಲಿನಲ್ಲಿ ನೀರು ಸಿಕ್ಕಿತು, ಬಂಕಿಗೆ ಬೀಗ ಬಿತ್ತು. ಮುಖ್ಯಮಂತ್ರಿಗಳ ಗಾಡಿ ನಿಂತಿತೆಂದು ರಾತ್ರೋರಾತ್ರಿ ಅಧಿಕಾರಿಗಳು ಓಡಿಬಂದರು. ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟವನ ಗಾಡಿ ನಿಂತರೆ ಯಾರು ಬರುತ್ತಾರೆ? ಮೆಕ್ಯಾನಿಕ್ಕು ಬರುತ್ತಾನೆ, ಅವನ ಕೂಲಿಯನ್ನೂ ಇವನೇ ಕೊಡಬೇಕು.

ಕಂಪನಿಯ ಹೆಸರು ಏನನ್ನೂ ಕಾಯುವುದಿಲ್ಲವೆಂಬುದಕ್ಕೆ ನಮ್ಮ ನಾಡಿನ ಮಗನೊಬ್ಬ ಪ್ರಾಣ ಕೊಟ್ಟಿದ್ದಾನೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಮಂಜುನಾಥ್ ಷಣ್ಮುಗಂ ದೇಶದ ಅತ್ಯಂತ ದೊಡ್ಡ ತೈಲ ಕಂಪನಿಯಾದ ಇಂಡಿಯನ್ ಆಯಿಲ್‌ನ ಅಧಿಕಾರಿಯಾಗಿ ಉತ್ತರಪ್ರದೇಶದ ಲಖೀಂಪುರ ಖೇರಿಗೆ ಹೋದರು. ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಮೊಹರು ಹಾಕಿದರು. ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. ಅಪರಾಧಿಗಳ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2015ರಲ್ಲಿ ಎತ್ತಿಹಿಡಿಯಿತು. ಕೊಲೆಗಾರರ ಬಂಕಿನ ಮೇಲಿದ್ದದ್ದೂ, ಕೊಲೆಯಾದವರ ಗುರುತಿನ ಚೀಟಿಯ ಮೇಲಿದ್ದದ್ದೂ ಒಂದೇ ಕಂಪನಿಯ ಹೆಸರು. ಯಾವ ಕಂಪನಿಯದು ಒಳ್ಳೆಯದೆಂದು ಕೇಳುವವರು ಇದರ ಮುಂದೆ ಒಂದು ಗಳಿಗೆ ನಿಲ್ಲಲಿ.

ಅಂದಿನ ಕಲಬೆರಕೆಯ ಮುಖ್ಯ ಸಾಮಗ್ರಿ ಪಡಿತರದ ಅಗ್ಗದ ಸೀಮೆಎಣ್ಣೆ. 2020ರ ಹೊತ್ತಿಗೆ ಅದರ ಸಹಾಯಧನವೇ ನಿಂತು, ಬೆಲೆಯ ಅಂತರ ಕರಗಿ, ಆ ದಂಧೆಯ ಆಸೆಯೂ ಕುಗ್ಗಿತು. ಬಡವನ ಬುಡ್ಡಿ ಆರಿಸಿ ಕಲಬೆರಕೆ ನಿಲ್ಲಿಸಿದ ಆಡಳಿತದ ಜಾಣ್ಮೆಯನ್ನು ಏನೆನ್ನೋಣ! ಆದರೆ ಅಳತೆಯ ಮೋಸಕ್ಕೆ ಸೀಮೆಎಣ್ಣೆ ಬೇಕಿಲ್ಲ. 2017ರಲ್ಲಿ ಲಖನೌದಲ್ಲಿ ಪೊಲೀಸರು ಬಂಕುಗಳ ಯಂತ್ರ ಬಿಚ್ಚಿದಾಗ ಒಳಗೆ ಸಣ್ಣ ಚಿಪ್ಪುಗಳು ಸಿಕ್ಕವು. ಫಲಕದಲ್ಲಿ ಲೀಟರು ಪೂರ್ತಿ ತೋರಿಸಿ, ಟ್ಯಾಂಕಿಗೆ ಕಡಿಮೆ ಇಳಿಸುವ ತಂತ್ರ. ನೂರಕ್ಕೆ ಹಾಕಿಸಬೇಡಿ, ನೂರಹತ್ತಕ್ಕೆ ಹಾಕಿಸಿ, ಆಗ ಮೋಸವಾಗದು ಎಂಬ ಉಪದೇಶ ನಮ್ಮ ಮೂರು ಊರುಗಳಲ್ಲೂ ಚಾಲ್ತಿಯಲ್ಲಿದೆ. ಲೀಟರಿನ ಲೆಕ್ಕವನ್ನೇ ತಿರುಚಿದ ಯಂತ್ರಕ್ಕೆ ನೂರೂ ಒಂದೇ, ನೂರಹತ್ತೂ ಒಂದೇ.

ಮೂರನೆಯ ಕಾರಣ ಎಲ್ಲ ಬಂಕುಗಳಿಗೂ ಸಮಾನವಾದದ್ದು. ಅದನ್ನು ಜನರಿಗೆ ಕೇಳಿ ಮಾಡಲಿಲ್ಲ. 2023ರ ಫೆಬ್ರವರಿ 6ರಂದು ಪ್ರಧಾನಿಯವರು ಬೆಂಗಳೂರಿಗೆ ಬಂದರು. ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲನ್ನು ದೇಶದ 84 ಬಂಕುಗಳಿಗೆ ಬಿಡುಗಡೆ ಮಾಡಿದರು. ಅದೇ ದಿನ ಗುಬ್ಬಿ ತಾಲ್ಲೂಕಿಗೆ ಬಂದು ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟಿಸಿದರು. ಗುಬ್ಬಿಯವರಿಗೆ ನೆನಪಿರುವುದು ಹೆಲಿಕಾಪ್ಟರು. ಟ್ಯಾಂಕಿಗೆ ಇಳಿದದ್ದು ಎಥೆನಾಲ್. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ 84 ಬಂಕುಗಳ ಮಾತು ದೇಶಕ್ಕೆಲ್ಲ ಅನ್ವಯವಾಯಿತು. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಇಡಿ ಎಂದು ಬೇಡಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತಳ್ಳಿಹಾಕಿತು. ಒಂದು ಲೀಟರ್ ಎಥೆನಾಲಿನ ಕಾವು ಒಂದು ಲೀಟರ್ ಪೆಟ್ರೋಲಿನ ಕಾವಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಳೆಯ ದ್ವಿಚಕ್ರ ವಾಹನಗಳಲ್ಲಿ ಓಟ ಶೇಕಡ 3ರಿಂದ 4ರಷ್ಟು ಕುಗ್ಗುತ್ತದೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುವ ವಸ್ತುವಾದ್ದರಿಂದ, ಮುಚ್ಚಳ ಸರಿಯಿಲ್ಲದ ತೊಟ್ಟಿಗೆ ಹೆಚ್ಚು ನೀರು ಇಳಿದರೆ ಎಥೆನಾಲೂ ನೀರೂ ಕೂಡಿ ತಳಕ್ಕೆ ಕೂರುತ್ತವೆ. (ಅದನ್ನು ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ತೆಗೆಯುವುದರ ನ್ಯಾಯಾನ್ಯಾಯ ಬೇರೆಯದೇ ಲೇಖನದ ವಸ್ತು.)

ಲೆಕ್ಕ ಹಾಕಿ ನೋಡೋಣ. ಗುಬ್ಬಿಯಿಂದ ತುಮಕೂರಿಗೆ ಹೋಗಿ ಬರಲು ಸುಮಾರು 40 ಕಿಲೋಮೀಟರು; ತಿಂಗಳಿಗೆ 25 ದಿನವೆಂದರೆ 1000. ಲೀಟರಿಗೆ 50ರಂತೆ 20 ಲೀಟರು. ಬೆಲೆ 2021ರಲ್ಲೇ ನೂರು ಮುಟ್ಟಿತ್ತಾದ್ದರಿಂದ ಎರಡು ಸಾವಿರ ರೂಪಾಯಿ. ಎಥೆನಾಲಿನಿಂದ ಶೇಕಡ 4 ಹೋದರೆ 80 ರೂಪಾಯಿ. ಅಳತೆಯಲ್ಲಿ ಶೇಕಡ 5 ಕದ್ದರೆ ಇನ್ನೂ 100. ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗನಿಗೆ, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ 180 ರೂಪಾಯಿ ಸಣ್ಣದಲ್ಲ. ಅವರು ಇದನ್ನು ಬೇರೆ ಕಂಪನಿಯ ಬಂಕಿಗೆ ಹೋಗಿ ಉಳಿಸಲು ನೋಡುತ್ತಾರೆ.

ಪರೀಕ್ಷಿಸುವ ಹಕ್ಕು ಕಾನೂನಿನಲ್ಲಿದೆ. ಪ್ರತಿ ಬಂಕಿನಲ್ಲೂ ಇಲಾಖೆ ಮುದ್ರೆ ಒತ್ತಿದ ಐದು ಲೀಟರಿನ ಅಳತೆಪಾತ್ರೆ ಇರಬೇಕು. ಗ್ರಾಹಕ ಕೇಳಿದರೆ ಅದಕ್ಕೆ ಹಿಡಿದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಲೀಟರಿಗಿಂತ ಹೆಚ್ಚು ಕಡಿಮೆಯಾಗುವಂತಿಲ್ಲ. ಸೋಸು ಕಾಗದ ಕೇಳಿದರೆ ಕೊಡಬೇಕು: ಒಂದು ಹನಿ ಬಿಟ್ಟರೆ ಕಲೆ ಉಳಿಯದೆ ಆರಬೇಕು. ಸೀಮೆಎಣ್ಣೆ, ಡೀಸೆಲ್ ಬೆರೆತಿದ್ದರೆ ಕಲೆ ಉಳಿಯುತ್ತದೆ. ತೆಳುವಾದ ದ್ರಾವಕ ಬೆರೆಸಿದ್ದರೆ ಈ ಕಾಗದಕ್ಕೆ ತಿಳಿಯದು. ಅದಕ್ಕೆ ಸಾಂದ್ರತೆಯ ಪರೀಕ್ಷೆ ಬೇಕು. ಲಾರಿಯ ಚೀಟಿಯಲ್ಲಿ ಬರೆದು ಬಂದ ಸಾಂದ್ರತೆಗೂ ಬಂಕಿನಲ್ಲಿ ಅಳೆದದ್ದಕ್ಕೂ ಘನಮೀಟರಿಗೆ 3 ಕಿಲೋಗ್ರಾಮಿಗಿಂತ ಹೆಚ್ಚು ಅಂತರವಿದ್ದರೆ ಆ ಮಾಲನ್ನು ಸಂಶಯಿಸಬೇಕು. ಎಥೆನಾಲ್ ಎಷ್ಟಿದೆಯೆಂಬುದು ಇನ್ನೂ ಸುಲಭ: ಗಾಜಿನ ಅಳತೆಗೊಳವೆಯಲ್ಲಿ 80 ಪಾಲು ಪೆಟ್ರೋಲು, 20 ಪಾಲು ನೀರು ಹಾಕಿ ಕುಲುಕಿ ಬಿಟ್ಟರೆ, ಎಥೆನಾಲ್ ನೀರಿಗಿಳಿದು ಕೆಳಗಿನ ಪದರ 36ರ ಆಸುಪಾಸಿಗೆ ಏರುತ್ತದೆ. ಇದನ್ನು ಮನೆಯ ಒಲೆಯ ಪಕ್ಕ ಮಾಡಲು ಯಾರೂ ಹೋಗಬಾರದು. ಬಂಕಿನವರೇ ಮಾಡಿ ತೋರಿಸಲಿ.

ಹಕ್ಕಿದೆ, ಚಲಾಯಿಸುವವರಿಲ್ಲ. ಹಿಂದೆ ಹತ್ತು ಗಾಡಿ ಹಾರನ್ ಹೊಡೆಯುತ್ತಿರುವಾಗ, ನೂರು ರೂಪಾಯಿಯ ಗಿರಾಕಿ ಐದು ಲೀಟರಿನ ಪಾತ್ರೆ ತರಿಸಿ ಎನ್ನುವುದು ಹೇಗೆ? ಸಾಂದ್ರತೆಯ ಅಂಕಿ ಎಷ್ಟೋ ಕಡೆ ಇಂಗ್ಲಿಷಿನಲ್ಲಿ, ಯಾರೂ ನೋಡದ ಮೂಲೆಯಲ್ಲಿ. ಆದ್ದರಿಂದ ಒಬ್ಬೊಬ್ಬ ಗ್ರಾಹಕನ ಧೈರ್ಯದ ಮೇಲೆ ಇದನ್ನು ಬಿಡಬಾರದೆಂಬುದು ನಮ್ಮ ಒತ್ತಾಯ. ಕಾನೂನು ಮಾಪನಶಾಸ್ತ್ರ ಇಲಾಖೆಯವರೂ ಆಹಾರ ಇಲಾಖೆಯವರೂ ತಿಂಗಳಿಗೊಂದು ದಿನ, ಮುಂಚಿತವಾಗಿ ಬಂಕಿನವರಿಗೆ ತಿಳಿಸದೆ, ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ಜನರ ಎದುರಿಗೇ ಅಳತೆ ಹಿಡಿಯಲಿ. ಬಂದ ಫಲವನ್ನು ಬಂಕಿನ ಮುಂದೆ ಕನ್ನಡದಲ್ಲಿ, ಬೆಲೆ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಲಿ. ಎಥೆನಾಲ್ ಎಷ್ಟು ಪಾಲೆಂಬುದನ್ನೂ ಅಲ್ಲಿಯೇ ಬರೆಯಲಿ. ತೊಟ್ಟಿಯಲ್ಲಿ ನೀರು ಸಿಕ್ಕಿದರೆ ಕೆಟ್ಟ ಗಾಡಿಯ ರಿಪೇರಿ ಖರ್ಚನ್ನು ಮಾಲೀಕನಿಂದ ವಸೂಲು ಮಾಡಲಿ.

ಅಲ್ಲಿಯವರೆಗೆ ನಮ್ಮ ಓದುಗರಲ್ಲಿ ಹತ್ತು ಮಂದಿ ಜೊತೆಗೂಡಿ ಒಂದೊಂದು ಬಂಕಿಗೆ ಹೋಗಿ ಐದು ಲೀಟರಿನ ಪಾತ್ರೆ ಕೇಳಿ. ಕೊಟ್ಟರೋ ಇಲ್ಲವೋ, ಎಷ್ಟು ಬಂತು, ಎಂದು, ಎಷ್ಟು ಗಂಟೆಗೆ ಎಂದು ನಮಗೆ ಬರೆದು ಕಳುಹಿಸಿ. ಕೊಳವೆ ಹಿಡಿದು ನಿಂತ ಹುಡುಗನ ಹೆಸರು ಬೇಡ. ಹಗಲಿಡೀ ಆ ವಾಸನೆಯಲ್ಲಿ ನಿಂತು ದುಡಿಯುವವನು ಯಂತ್ರದ ಒಡೆಯನಲ್ಲ.