ಪಿತ್ತಕೋಶದ ಕಲ್ಲು ಎಂದು ಹೇಳಿದ್ದೆ

2022ರ ಸೆಪ್ಟೆಂಬರಿನಲ್ಲಿ ನನ್ನ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದರು. ಆಗ ನನಗೆ ಐವತ್ಮೂರು ವರ್ಷ. ಭಾಲ್ಕಿಯ ತವರಿಗೆ, ಬಸವಕಲ್ಯಾಣದ ಅತ್ತೆಮನೆಗೆ, ಇಲ್ಲಿ ಚಿಕಲಠಾಣಾದ ನಮ್ಮ ಗಲ್ಲಿಗೆ ನಾವು ಹೇಳಿದ್ದು ಒಂದೇ ಮಾತು: ಪಿತ್ತಕೋಶದಲ್ಲಿ ಕಲ್ಲಾಗಿತ್ತು, ಆಪರೇಷನ್ ಆಯಿತು. ಗಂಡ, ಮಗಳು, ನಾನು ಮೂವರೂ ಆಸ್ಪತ್ರೆಯ ಕೋಣೆಯಲ್ಲಿ ಕೂತು ಈ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿದ್ದೆವು. ಎಷ್ಟು ಕಲ್ಲು, ಎಷ್ಟು ದೊಡ್ಡವು ಎಂದು ಯಾರಾದರೂ ಕೇಳಿದರೆ ಏನು ಹೇಳಬೇಕು ಎಂಬುದನ್ನೂ ಸೇರಿಸಿ.

ಮೂರು ವರ್ಷದ ನಂತರ ಆ ಸುಳ್ಳಿನ ಬಗ್ಗೆ ಬರೆಯುತ್ತಿದ್ದೇನೆ. ಐವತ್ತರ ಮೇಲೆ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಮುಚ್ಚಿಟ್ಟದ್ದಕ್ಕೆ ಇದೆ. ಈ ಚಿಕಿತ್ಸೆ ನಡೆಯುವುದು ಆಪರೇಷನ್ ಥಿಯೇಟರಿನಲ್ಲಿ ಒಂದೆರಡು ಗಂಟೆ ಮಾತ್ರ. ಉಳಿದದ್ದೆಲ್ಲ ನಡೆಯುವುದು ಅಡುಗೆಮನೆಯಲ್ಲಿ, ಪಂಕ್ತಿಯಲ್ಲಿ, ನೆಂಟರ ನಡುವೆ. ಅಲ್ಲಿಯವರಿಗೇ ಗೊತ್ತಿಲ್ಲದಿದ್ದರೆ ಅರ್ಧ ಚಿಕಿತ್ಸೆ ಮಾತ್ರ ಆದಂತೆ.

ನಾನಿರುವ ಚಿಕಲಠಾಣಾ ಈಗಿನ ಛತ್ರಪತಿ ಸಂಭಾಜಿನಗರದ ಪೂರ್ವಕ್ಕೆ, ಜಾಲನಾ ರಸ್ತೆಯಲ್ಲಿದೆ. ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ಎಂಐಡಿಸಿಯ ಕಾರ್ಖಾನೆಗಳು. 1956ರವರೆಗೆ ಬೀದರ್ ಮತ್ತು ಔರಂಗಾಬಾದ್ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಹಳೆಯ ನಂಟು ಇನ್ನೂ ಕಡಿದಿಲ್ಲ. ಗಂಡ ಕಾರ್ಖಾನೆಯಲ್ಲಿ, ನಾನು ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಖಾನಾವಳಿ ನಡೆಸುತ್ತೇನೆ. ಮೊದಲ ಪಾಳಿ ಬಿಟ್ಟವರು ಬರುವಷ್ಟರಲ್ಲಿ ಜೋಳದ ರೊಟ್ಟಿ, ಬೇಳೆ, ಪಲ್ಯ ಸಿದ್ಧವಿರಬೇಕು. ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತು, ಉಪ್ಪು ನೋಡಿ, ಹುಳಿ ನೋಡಿ, ಉಳಿದದ್ದನ್ನು ಚೆಲ್ಲಲಾಗದೆ ತಿಂದು, ರಾತ್ರಿ ಹನ್ನೊಂದಕ್ಕೆ ಉಣ್ಣುತ್ತ ಬಂದವಳು ನಾನು. 152 ಸೆಂಟಿಮೀಟರ್ ಎತ್ತರಕ್ಕೆ 84 ಕಿಲೋ ಆಗಿದ್ದೆ. ಒಂಬತ್ತು ವರ್ಷದಿಂದ ಶುಗರ್. ಮೂರು ಥರದ ಗುಳಿಗೆ ನುಂಗಿದರೂ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.2ರಿಂದ ಇಳಿಯುತ್ತಿರಲಿಲ್ಲ. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತದೆ ಎಂದು ಗಂಡ ಹೆದರಿ ಎಬ್ಬಿಸುತ್ತಿದ್ದರು.

‘ನಾಲಿಗೆ ಕಟ್ಟಿದರೆ ಸಾಕು’ ಎಂದವರು ಬಹಳ ಜನ. ಕಟ್ಟಿದ್ದೆ. ಎರಡು ಸಲ ಹತ್ತು ಹತ್ತು ಕಿಲೋ ಇಳಿಸಿದ್ದೆ, ಎರಡು ಸಲವೂ ಹೋದದ್ದಕ್ಕಿಂತ ಹೆಚ್ಚು ಬಂತು. ತೂಕ ಇಳಿಸಿದಾಗ ದೇಹ ಅದನ್ನು ಬರಗಾಲವೆಂದು ತಿಳಿಯುತ್ತದೆ. ಹಸಿವಿನ ಹಾರ್ಮೋನು ಏರುತ್ತದೆ, ಸುಡುವ ಶಕ್ತಿ ಇಳಿಯುತ್ತದೆ. ಇದು ನನ್ನೊಬ್ಬಳ ದೌರ್ಬಲ್ಯವೆಂದು ಎಷ್ಟೋ ವರ್ಷ ನಂಬಿದ್ದೆ.

ನನಗೆ ಆದದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು ಹಾಕಿ, ಚೀಲದಂಥ ಜಠರವನ್ನು ಉದ್ದಕ್ಕೆ ಕತ್ತರಿಸಿ ಬಾಳೆಕಾಯಿಯಂಥ ಕೊಳವೆಯಾಗಿ ಉಳಿಸುತ್ತಾರೆ. ತೆಗೆದುಹಾಕುವ ಭಾಗದಲ್ಲೇ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು. ಅನ್ನ ಬೇಗ ಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1 ಎಂಬ ಇನ್ನೊಂದು ಹಾರ್ಮೋನು ಹೆಚ್ಚುತ್ತದೆ, ಅದು ಇನ್ಸುಲಿನ್‌ಗೆ ಬಲ ಕೊಡುತ್ತದೆ. ಹೀಗಾಗಿ ತೂಕ ಪೂರ್ತಿ ಇಳಿಯುವ ಮೊದಲೇ ಶುಗರ್ ಇಳಿಯತೊಡಗುತ್ತದೆ. ಚರ್ಮದಡಿಯ ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆಯೇ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಯುವ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೆ ತೀರಿಕೊಂಡ ಸುದ್ದಿ ಎಲ್ಲ ಚಾನೆಲ್‌ಗಳಲ್ಲೂ ಬಂತು. ನಮ್ಮ ಮನೆಯಲ್ಲಿ ಸುಳ್ಳು ಹುಟ್ಟಿದ್ದು ಅಲ್ಲಿಂದ. ‘ಚೆಂದ ಕಾಣಾಕ ಸಾಯಾಕ ಹೊಂಟಾಳ’ ಎನ್ನುತ್ತಾರೆ ಎಂದು ಹೆದರಿದೆವು.

ಈ ವಯಸ್ಸಿನಲ್ಲಿ ಯಾಕೆ ಎಂಬ ಪ್ರಶ್ನೆಗೆ ಬರೋಣ. ಕೇಳಬೇಕಾದ ಪ್ರಶ್ನೆಯೇ. ಫಾರ್ಮಸಿ ಓದಿದ ಮಗಳು ಆಗ ನನ್ನ ಪಕ್ಕ ಕೂತು ಒಂದೊಂದೇ ಅಧ್ಯಯನ ಓದಿ ಹೇಳಿದಳು. ಸ್ವೀಡನ್ನಿನಲ್ಲಿ 1987ರಿಂದ ನಡೆದ ದೊಡ್ಡ ಅಧ್ಯಯನಕ್ಕೆ ಸೇರಿದವರು 37ರಿಂದ 60 ವರ್ಷದವರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾಡಿಸಿಕೊಳ್ಳದ ಸ್ಥೂಲಕಾಯರಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಬದುಕಿದರು. ಆದರೂ ಸಾಮಾನ್ಯ ಜನರಿಗಿಂತ ಐದೂವರೆ ವರ್ಷ ಕಡಿಮೆ. ಅಲ್ಲಿ ಹೆಚ್ಚಿನವರಿಗೆ ಆದದ್ದು ಹಳೆಯ ಪದ್ಧತಿಯ ಆಪರೇಷನ್. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 150 ಮಧುಮೇಹಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಐದು ವರ್ಷದ ನಂತರ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ಉಳಿದವರು ಬೈಪಾಸ್ ಆದವರಲ್ಲಿ ನೂರಕ್ಕೆ 29, ಸ್ಲೀವ್ ಆದವರಲ್ಲಿ 23, ಬರೀ ಔಷಧಿಯವರಲ್ಲಿ 5. ಅಂದರೆ ಇದು ಪವಾಡ ಅಲ್ಲ. ಸ್ಲೀವ್ ಆದ ನಾಲ್ವರಲ್ಲಿ ಮೂವರು ಆ ಗೆರೆ ಮುಟ್ಟಲಿಲ್ಲ. ಆದರೆ ಔಷಧಿಗಿಂತ ಬಹಳ ಮೇಲು.

ಅಪಾಯವೂ ಇದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಆಪರೇಷನ್ ಆದ ಮೂವತ್ತು ದಿನದೊಳಗೆ ತೀರಿಕೊಂಡವರು ಸಾವಿರಕ್ಕೆ ಮೂವರು. ವಯಸ್ಸಾದಂತೆ ಅಪಾಯ ತುಸು ಏರುತ್ತದೆ, ಇಳಿಯುವ ತೂಕ ತುಸು ಕಡಿಮೆಯಾಗುತ್ತದೆ. ಐವತ್ತರ ಹೆಂಗಸಿಗೆ ಮುಟ್ಟು ನಿಂತು ಎಲುಬು ಸವೆಯುವ ಕಾಲವೂ ಅದೇ. ಸ್ನಾಯುವಂತೂ ತೂಕದ ಜೊತೆಯೇ ಕರಗುತ್ತದೆ. ಇನ್ನೊಂದು ಕಡೆ, ಶುಗರ್ ಹಳೆಯದಾದಷ್ಟೂ, ಇನ್ಸುಲಿನ್ ಚುಚ್ಚಿಕೊಳ್ಳುವ ಹಂತಕ್ಕೆ ಬಂದಷ್ಟೂ ಆಪರೇಷನ್ನಿನಿಂದ ಅದು ಹಿಂದಕ್ಕೆ ಹೋಗುವ ಸಾಧ್ಯತೆ ಕುಗ್ಗುತ್ತದೆ. ‘ನೋಡೋಣ, ಇನ್ನೈದು ವರ್ಷ ಹೋಗಲಿ’ ಎನ್ನುವುದಕ್ಕೂ ಬೆಲೆಯಿದೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಯಸ್ಸೊಂದನ್ನೇ ಅಡ್ಡಿ ಮಾಡಬೇಡಿ, ದೇಹದ ಬಲ ಎಷ್ಟಿದೆ ನೋಡಿ ಎನ್ನುತ್ತದೆ. ನನಗೆ ಈ ಮಾತೇ ಸರಿ ಅನ್ನಿಸಿತು.

ಮಹಾರಾಷ್ಟ್ರದಲ್ಲಿ ಈ ವಿಷಯ ತೆಗೆದರೆ ಮೊದಲು ಬರುವ ಹೆಸರು ನಿತಿನ್ ಗಡ್ಕರಿ. 2011ರಲ್ಲಿ, ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾಗಿದ್ದಾಗ, 54ನೇ ವಯಸ್ಸಿಗೆ ಮುಂಬೈಯಲ್ಲಿ ಮಾಡಿಸಿಕೊಂಡರು, ಅವರಿಗೂ ಮಧುಮೇಹವಿತ್ತು. ಎರಡನೆಯದು ಅರುಣ್ ಜೇಟ್ಲಿ. 2014ರಲ್ಲಿ 61ನೇ ವಯಸ್ಸಿಗೆ ಮಾಡಿಸಿಕೊಂಡು, ಕೆಲವೇ ದಿನಗಳಲ್ಲಿ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಒಬ್ಬರನ್ನು ನೋಡಿ ಹೊರಡುವುದು, ಇನ್ನೊಬ್ಬರನ್ನು ನೋಡಿ ಹೆದರುವುದು, ಎರಡೂ ಸರಿಯಲ್ಲ. ಆದರೆ ಇಬ್ಬರ ವಿಷಯವೂ ಪತ್ರಿಕೆಯಲ್ಲಿ ಬಂತು, ನಾಡಿಗೆ ಗೊತ್ತಾಯಿತು, ಯಾರ ಮರ್ಯಾದೆಯೂ ಹೋಗಲಿಲ್ಲ. ಮಂತ್ರಿಗೆ ಇಲ್ಲದ ನಾಚಿಕೆ ಖಾನಾವಳಿಯವಳಿಗೆ ಯಾಕಿತ್ತು?

ಈಗ ಆ ಸುಳ್ಳು ನನಗೆ ಏನು ಮಾಡಿತು ಎಂಬ ಮಾತು. ಆಪರೇಷನ್ ಆಗಿ ಏಳು ತಿಂಗಳಿಗೆ ಭಾಲ್ಕಿಯಲ್ಲಿ ತಮ್ಮನ ಮಗಳ ಮದುವೆ. ಆಗ ನನ್ನ ಊಟ ಒಂದು ಸಣ್ಣ ಬಟ್ಟಲಿನಷ್ಟು. ಪಂಕ್ತಿಯಲ್ಲಿ ತಮ್ಮನ ಹೆಂಡತಿ ಹೋಳಿಗೆ ಹಿಡಿದು ನಿಂತಳು. ‘ಅಕ್ಕಾರೆ, ತವರುಮನಿ ಹೋಳಿಗಿ ಬ್ಯಾಡ ಅಂದ್ರ ಹ್ಯಾಂಗ್ರೀ? ಕಲ್ಲು ತಗದು ಆರ್ ತಿಂಗಳ ಮ್ಯಾಲಾತು, ಇನ್ನೇನ್ ಪಥ್ಯ?’ ಅವಳ ಮಾತಿನಲ್ಲಿ ತಪ್ಪೇನಿತ್ತು? ಕಲ್ಲು ತೆಗೆಸಿಕೊಂಡವರು ಹೋಳಿಗೆ ತಿನ್ನುತ್ತಾರೆ. ಉತ್ತರವಿಲ್ಲದೆ ಒಂದೂವರೆ ಹೋಳಿಗೆ ತಿಂದೆ, ತುಪ್ಪ, ಹಾಲು ಹಾಕಿಸಿಕೊಂಡು. ಹತ್ತು ನಿಮಿಷಕ್ಕೆ ಎದೆ ಒತ್ತಿ, ಬೆವತು, ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಅಕ್ಷತೆ ಹಾಕುವ ಹೊತ್ತಿಗೆ ನಾನು ಒಳಕೋಣೆಯಲ್ಲಿ ಮಲಗಿದ್ದೆ.

ಅದಕ್ಕಿಂತ ಕೆಟ್ಟದ್ದು ಗುಳಿಗೆಗಳ ವಿಷಯ. ಈ ಆಪರೇಷನ್ನಿನ ನಂತರ ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಬದುಕಿರುವವರೆಗೆ ಬೇಕು. ಬಿ12 ಹೀರಿಕೊಳ್ಳಲು ಬೇಕಾದ ಅಂಶ ತಯಾರಾಗುವುದು ಜಠರದಲ್ಲೇ, ಅದನ್ನೇ ಕತ್ತರಿಸಿರುತ್ತಾರೆ. ಮನೆಗೆ ಅತ್ತಿಗೆ, ನಾದಿನಿ ಬಂದಾಗಲೆಲ್ಲ ಡಬ್ಬಿಗಳನ್ನು ಬಚ್ಚಿಡುತ್ತಿದ್ದೆ, ಬಚ್ಚಿಟ್ಟದ್ದನ್ನು ಮರೆಯುತ್ತಿದ್ದೆ. ಎರಡನೇ ವರ್ಷ ಅಂಗಾಲು ಜುಮುಗುಡತೊಡಗಿತು. ಶುಗರ್‌ನವರಿಗೆ ಹೀಗಾಗುತ್ತದೆ ಎಂದು ಸುಮ್ಮನಿದ್ದೆ. ಬೇರೆ ಡಾಕ್ಟರ ಬಳಿ ಹೋದಾಗಲೂ ಆಪರೇಷನ್ ಸುದ್ದಿ ಹೇಳಲಿಲ್ಲ, ಏಕೆಂದರೆ ಅವರ ಕಾಂಪೌಂಡರ್ ನಮ್ಮ ಖಾನಾವಳಿಯ ಗಿರಾಕಿ. ಕೊನೆಗೆ ಮಗಳು ಗದರಿಸಿ ರಕ್ತ ಪರೀಕ್ಷೆ ಮಾಡಿಸಿದಳು: ಬಿ12 ತಳ ಮುಟ್ಟಿತ್ತು. ಇಂಜೆಕ್ಷನ್ ತೆಗೆದುಕೊಂಡೆ, ಬಹುಪಾಲು ಸರಿಹೋಯಿತು. ಇದರಲ್ಲಿ ಸರ್ಜನ್ನರ ತಪ್ಪಿರಲಿಲ್ಲ, ಅವರು ಎಲ್ಲವನ್ನೂ ಬರೆದುಕೊಟ್ಟಿದ್ದರು.

ಪ್ರೋಟೀನಿನ ಕಥೆಯೂ ಹಾಗೇ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಒಂದು ಬಟ್ಟಲು ಬೇಳೆಯಲ್ಲಿ ಏಳೆಂಟು ಗ್ರಾಂ, ಒಂದು ಲೋಟ ಹಾಲಿನಲ್ಲಿ ಎಂಟು. ಮೊಟ್ಟೆಯನ್ನೂ ಮುಟ್ಟದ ನಮ್ಮಂಥ ಮನೆಯಲ್ಲಿ, ಒಂದು ಬಟ್ಟಲಷ್ಟೇ ಹಿಡಿಯುವ ಹೊಟ್ಟೆಯಲ್ಲಿ, ಅಷ್ಟು ಸೇರಿಸಬೇಕೆಂದರೆ ರೊಟ್ಟಿಗಿಂತ ಮೊದಲು ಪನೀರು, ಗಟ್ಟಿ ಮೊಸರು, ಮೊಳಕೆ ಕಾಳು ತಿನ್ನಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಇಂಥ ಊಟ ಮರೆಯಲ್ಲಿ ಆಗುವುದಿಲ್ಲ. ಅದಕ್ಕೆ ಇಡೀ ಮನೆ ಒಪ್ಪಬೇಕು.

ನನ್ನ ಸುಳ್ಳಿನಿಂದ ಇನ್ನೊಬ್ಬರಿಗೂ ನಷ್ಟವಾಯಿತು. ನನ್ನ ಸೊರಗಿದ ಮೈ ನೋಡಿ ಪಕ್ಕದ ಮನೆಯಾಕೆ ಏನು ಮಾಡಿದಿರಿ ಎಂದು ಕೇಳಿದಳು. ‘ರಾತ್ರಿ ಊಟ ಬಿಟ್ಟೆ, ಜೀರಿಗೆ ನೀರು ಕುಡಿದೆ’ ಎಂದೆ. ಆಕೆ ಆರು ತಿಂಗಳು ಅದನ್ನೇ ಮಾಡಿದಳು. ಶುಗರ್ ಗುಳಿಗೆ ನುಂಗಿ ಉಪವಾಸವಿದ್ದು ಒಂದು ದಿನ ತಲೆ ತಿರುಗಿ ಬಿದ್ದಳು. ಇಳಿಯಲಿಲ್ಲವೆಂದು ತನ್ನನ್ನೇ ಬೈದುಕೊಂಡಳು, ನಾನು ಹಿಂದೆ ಬೈದುಕೊಂಡಂತೆ.

ಆಕೆಗೆ ನಿಜ ಹೇಳಿದ್ದರೂ ಆಪರೇಷನ್ ಸುಲಭವಿರಲಿಲ್ಲ ಎಂಬುದು ಬೇರೆ ಮಾತು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಂತೆ, ಬಿಎಂಐ 40 ದಾಟಿರಬೇಕು, ಇಲ್ಲವೇ 35 ದಾಟಿ ಹತೋಟಿಗೆ ಬರದ ಮಧುಮೇಹ, ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟಿನಂಥ ತೊಂದರೆ ಇರಬೇಕು. ಆಗಷ್ಟೇ ಕಂಪನಿ ಹಣ ಕೊಡುವುದು. ನನ್ನದು 36.4, ಗಂಡನ ಕಾರ್ಖಾನೆಯ ವಿಮೆಯಲ್ಲಿ ಪಾಸಾಯಿತು. ಪಕ್ಕದ ಮನೆಯಾಕೆಯದು 31. ಈ 40–35ರ ಗೆರೆ 1991ರಲ್ಲಿ ಅಮೆರಿಕದಲ್ಲಿ ಎಳೆದದ್ದು. 2022ರ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಿ ಎಂದಿದೆ. ಕಾರಣವನ್ನು ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ತಮ್ಮ ದೇಹವನ್ನೇ ಉದಾಹರಣೆಯಾಗಿ ತೋರಿಸಿದ್ದರು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರೂ ಬ್ರಿಟನ್ನಿನ ಜಾನ್ ಯುಡ್ಕಿನ್ ಅವರೂ ಜೊತೆಗೆ ನಿಂತ ಚಿತ್ರ ಬಂತು. ಇಬ್ಬರ ಬಿಎಂಐ 22.3, ಆದರೆ ದೇಹದ ಕೊಬ್ಬು ಯುಡ್ಕಿನ್‌ಗೆ 9.1, ಯಾಜ್ಞಿಕ್‌ಗೆ 21.2 ಪ್ರತಿಶತ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆಂದು ಗೊತ್ತಿದ್ದೂ ವಿಮೆಯ ಗೆರೆ ಕದಲಿಲ್ಲ. ಅದು ಬದಲಾಗಬೇಕು. ಬದಲಾಗಬೇಕೆಂದು ಕೇಳುವವರು ಬೇಕು, ಮುಚ್ಚಿಟ್ಟವರು ಕೇಳುವುದು ಹೇಗೆ?

ಈಗ ಇಂಜೆಕ್ಷನ್ ಬಂದಿದೆಯಲ್ಲ, ಕತ್ತರಿ ಯಾಕೆ ಎನ್ನುವವರಿದ್ದಾರೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತಕ್ಕೆ ಬಂದವು. ಕರುಳಿನ ಅದೇ ಹಾರ್ಮೋನನ್ನು ಅನುಕರಿಸುವ ಒಳ್ಳೆಯ ಔಷಧಗಳು. ಇವತ್ತು ನನಗೆ ಐವತ್ಮೂರು ಆಗಿದ್ದರೆ ಮೊದಲು ಅದರ ಬಗ್ಗೆಯೇ ಡಾಕ್ಟರನ್ನು ಕೇಳುತ್ತಿದ್ದೆ. ಆದರೆ ವೆಗೋವಿಯ ಔಷಧ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ಮರಳಿ ಬಂದದ್ದನ್ನು ಅಧ್ಯಯನ ತೋರಿಸಿದೆ. ಅದೂ ವರ್ಷಗಟ್ಟಲೆಯ ಒಪ್ಪಂದವೇ. ಮುಚ್ಚಿಟ್ಟು ಚುಚ್ಚಿಕೊಳ್ಳುವವರು ಆಗಲೇ ಶುರುವಾಗಿದ್ದಾರೆ.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದಿಷ್ಟು. ‘ಪ್ಯಾಕೇಜ್’ ಎಂದು ಜಾಹೀರಾತು ನೋಡಿದ ವಾರವೇ ದಿನ ಗೊತ್ತು ಮಾಡಬೇಡಿ. ಎಂಡೊಸ್ಕೋಪಿ, ಹೃದಯ, ನಿದ್ರೆಯ ಪರೀಕ್ಷೆ, ಆಹಾರ ತಜ್ಞರ ಜೊತೆ ಮಾತು, ಮನಸ್ಸಿನ ತಪಾಸಣೆ ಇಲ್ಲದೆ ಮೇಜಿಗೆ ಏರಿಸುವವರಿಂದ ದೂರವಿರಿ. ಐದು ವರ್ಷದ ನಂತರ ನನ್ನ ರಕ್ತ ಪರೀಕ್ಷೆ ಯಾರು ನೋಡುತ್ತಾರೆ ಎಂದು ಕೇಳಿ. ಮತ್ತು ಆಪರೇಷನ್‌ಗೆ ಮುಂಚೆ, ನಿಮಗೆ ಬಡಿಸುವವರೆಲ್ಲರಿಗೂ ಹೇಳಿ. ಅಷ್ಟು ಧೈರ್ಯ ಬರದಿದ್ದರೆ ಬರುವವರೆಗೆ ಕಾಯಿರಿ.

ನಾನು 84ರಿಂದ 62ಕ್ಕೆ ಇಳಿದು ಈಗ 66ರಲ್ಲಿದ್ದೇನೆ. ಎಚ್‌ಬಿಎ1ಸಿ 6.3, ಒಂದು ಗುಳಿಗೆ ಉಳಿದಿದೆ. ರಾತ್ರಿ ಗಂಡ ನಿದ್ದೆ ಮಾಡುತ್ತಾರೆ. ಕಳೆದ ದೀಪಾವಳಿಗೆ ಭಾಲ್ಕಿಗೆ ಹೋದಾಗ ತಮ್ಮನ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ‘ಆವತ್ತು ನಾನೇ ಬಲವಂತ ಮಾಡಿ ತಿನಿಸಿದ್ದೆನಲ್ರೀ ಅಕ್ಕಾರೆ’ ಎಂದು ಕಣ್ಣು ಒರೆಸಿಕೊಂಡಳು. ಆಮೇಲೆ ಊಟಕ್ಕೆ ಕೂತಾಗ ಎಲ್ಲರಿಗೂ ತಟ್ಟೆ ಇಟ್ಟು, ನನ್ನ ಮುಂದೆ ಒಂದು ಸಣ್ಣ ಬಟ್ಟಲು ಇಟ್ಟಳು. ಅದರಲ್ಲಿ ಕಾಲು ಹೋಳಿಗೆ ಇತ್ತು.