ಕವಾಫಿ ಹೆದರಿದ್ದನೇ?

ಗ್ರೀಕ್ ಕವಿ ಕವಾಫಿಯ (1863–1933) ಬಗ್ಗೆ ಒಂದು ಮಾತು ಆಗಾಗ ಕೇಳಿಬರುತ್ತದೆ. ಆತ ಸಲಿಂಗಪ್ರೇಮಿ, ಸಮಾಜಕ್ಕೆ ಹೆದರಿದ್ದ, ಅದಕ್ಕೇ ಬದುಕಿರುವಷ್ಟು ಕಾಲ ಒಂದು ಸಂಕಲನವನ್ನೂ ಅಂಗಡಿಗೆ ಬಿಡಲಿಲ್ಲ, ಅಚ್ಚು ಹಾಕಿಸಿದ್ದನ್ನು ತನಗೆ ಬೇಕಾದವರ ಕೈಗಷ್ಟೇ ಕೊಟ್ಟ ಎಂಬ ಮಾತು. ಅನುಕಂಪದಿಂದ ಹೇಳುವವರೇ ಹೆಚ್ಚು, ಅವರ ಮೇಲೆ ನನಗೆ ಗೌರವವಿದೆ. ಆದರೆ ಒಪ್ಪಿಕೊಳ್ಳುವುದು ಕಷ್ಟ.

ಅವನು ಹಂಚುತ್ತಿದ್ದ ರೀತಿಯನ್ನೇ ನೋಡಿ. ಅಲೆಕ್ಸಾಂಡ್ರಿಯಾದ ನೀರಾವರಿ ಕಚೇರಿಯಲ್ಲಿ ಸುಮಾರು 30 ವರ್ಷ ದುಡಿದು 1922ರಲ್ಲಿ ಹೊರಬಂದ ಮನುಷ್ಯ. ಕಡತದ ಶಿಸ್ತು ಕವಿತೆಗೂ ಅಂಟಿತ್ತೋ ಏನೋ. ಹೊಸ ಕವಿತೆ ಸಿದ್ಧವಾದರೆ ಬಿಡಿ ಹಾಳೆಯಲ್ಲಿ ಅಚ್ಚು ಹಾಕಿಸುವುದು, ಹಾಳೆಗಳನ್ನು ಕ್ಲಿಪ್ಪಿನಲ್ಲಿ ಸೇರಿಸಿ ಓದುಗನಿಗೆ ಕೊಡುವುದು. ಮುಂದಿನ ಕವಿತೆ ಬಂದರೆ ಅದೂ ಕಟ್ಟಿಗೆ ಸೇರುತ್ತಿತ್ತು. ಹಾಳೆಗಳು ಹೆಚ್ಚಾದಾಗ ಹಳೆಯವನ್ನು ಬೇರ್ಪಡಿಸಿ ಹೊಲಿದು ಪುಸ್ತಿಕೆ ಮಾಡುತ್ತಿದ್ದ. ಅಚ್ಚಾದ ಮೇಲೂ ಯಾವುದೋ ಪದ ಒಗ್ಗದಿದ್ದರೆ ಪೆನ್ನು ಹಿಡಿದು ತಿದ್ದುತ್ತಿದ್ದ. ಯಾರಿಗೆ ಕೊಟ್ಟೆ ಎಂಬ ಪಟ್ಟಿ ಬೇರೆ!

ಹೆದರಿಕೆಯೇ ಕಾರಣವಾಗಿದ್ದರೆ ಪ್ರೇಮಕವಿತೆಗಳಿಗೆ ಮಾತ್ರ ಈ ಏರ್ಪಾಟು ಸಾಕಿತ್ತು. ಪಯಣದ ಬಗೆಗಿನ ಅವನ ಕವಿತೆ ‘ಇಥಾಕಾ’ದಲ್ಲಿ ಯಾರಿಗಾದರೂ ಮುಜುಗರ ತರುವಂಥದ್ದು ಏನಿದೆ? ಅದೂ ಇದೇ ಹಾಳೆಗಳಲ್ಲಿ ಹೋಯಿತು. ಗಂಡಸರ ನಡುವಿನ ಆಸೆಯನ್ನು ಹೇಳುವ ಕವಿತೆಗಳೂ ಅವನ ಹೆಸರಿನಲ್ಲೇ ಅಚ್ಚಾಗಿ ಓದುಗರನ್ನು ಮುಟ್ಟಿದವು. ಭಯ ಇರಲೇ ಇಲ್ಲ ಎನ್ನುತ್ತಿಲ್ಲ. ಅವನು ಹೊರಬಿಡದೆ ಉಳಿಸಿಕೊಂಡ ಕವಿತೆಗಳನ್ನು ವಿದ್ವಾಂಸ ಸವ್ವಿಡಿಸ್ 1968ರಲ್ಲಿ ಪ್ರಕಟಿಸಿದಾಗ ಅವುಗಳಲ್ಲಿ ಪ್ರೇಮದವೂ ಇದ್ದವು, ಪ್ರೇಮದ ಸುಳಿವೇ ಇಲ್ಲದವೂ ಇದ್ದವು. ಮನಸ್ಸಿಗೆ ಒಪ್ಪದ್ದನ್ನು ಆತ ಹೊರಬಿಡುತ್ತಿರಲಿಲ್ಲ, ಅಷ್ಟೇ.

ಬೇರೆ ಕವಿ ಹತ್ತು ವರ್ಷ ಹಸ್ತಪ್ರತಿಯನ್ನು ತಿದ್ದುತ್ತ ಕೂತರೆ ನಾವು ತಪಸ್ಸು ಎನ್ನುತ್ತೇವೆ. ಸಲಿಂಗಪ್ರೇಮಿ ಕವಿ ಅದನ್ನೇ ಮಾಡಿದರೆ ಅಳುಕು, ಬಿಚ್ಚಿಟ್ಟರೆ ಧೈರ್ಯ. ಎರಡರಲ್ಲೂ ಅವನ ಕಸುಬಿಗೆ ಜಾಗವಿಲ್ಲ. ನಮ್ಮಲ್ಲೂ ವಸುಧೇಂದ್ರರ ಸಲಿಂಗಪ್ರೇಮದ ಕತೆಗಳ ಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಅವರದೇ ಛಂದ ಪುಸ್ತಕದಿಂದ ಬಂದಾಗ, ಕತೆ ಕಟ್ಟಿದ ಬಗೆಗಿಂತ ದಿಟ್ಟತನದ ಬಗ್ಗೆಯೇ ಹೆಚ್ಚು ಮಾತು ನನ್ನ ಕಿವಿಗೆ ಬಿತ್ತು. ಹೊಗಳಿಕೆಯೇನೋ ನಿಜ, ಆದರೆ ಪುಸ್ತಕ ತೆರೆಯದೆಯೂ ಹೇಳಬಹುದಾದ ಹೊಗಳಿಕೆ.

 

ಹಾಗಾಗಿ ನನ್ನದೊಂದು ಕೋರಿಕೆ. ಕ್ವಿಯರ್ ಕವಿಯೊಬ್ಬರು ಈಗಷ್ಟೇ ಅಚ್ಚಾದ ಸಂಕಲನವನ್ನು ಕೈಗಿತ್ತರೆ ‘ನಿಮ್ಮ ಧೈರ್ಯ ಮೆಚ್ಚಿದೆ’ ಎಂದು ಹೇಳಿ ಮುಗಿಸಿಬಿಡಬೇಡಿ. ಓದಿ. ಯಾವ ಕವಿತೆ ಹಿಡಿಸಿತು, ಯಾವ ಸಾಲು ಕುಂಟಿತು ಎಂದು ಅವರಿಗೇ ಬರೆದು ತಿಳಿಸಿ. ಸಾಧ್ಯವಾದರೆ ಇನ್ನೊಂದು ಪ್ರತಿಯನ್ನು ದುಡ್ಡು ಕೊಟ್ಟು ಕೊಳ್ಳಿ.